ಲಾಂಗ್ ರನ್‌ಗೆ ಎಂಥ ಶಾರ್ಟ್ಸ್? 15 ಕಿ.ಮೀ. ದಾಟಿದ ಮೇಲೆ ತೊಡೆ ಉರಿ

ಕಡಲತಡಿ:

ನಮಸ್ಕಾರ ಎಲ್ಲರಿಗೂ. ಜನವರಿಯ ಮುಂಬೈ ಮ್ಯಾರಥಾನ್‌ಗೆ ತಯಾರಿ, ಓಡುವುದು ಉಡುಪಿ–ಮಲ್ಪೆ ಕಡೆ. ಇಲ್ಲಿ ಬೆಳಿಗ್ಗೆ ಐದಕ್ಕೂ ಸೆಕೆಯೇ. ಆರು ಕಿ.ಮೀ. ಆಗುವಷ್ಟರಲ್ಲಿ ಚಡ್ಡಿ ಹಿಂಡಿದರೆ ನೀರು ಬರ್ತದೆ. 10 ಕಿ.ಮೀ.ವರೆಗೆ ತೊಂದರೆ ಇಲ್ಲ. 15 ದಾಟಿದ ಮೇಲೆ ಒಳತೊಡೆ ಉಜ್ಜಿ ಉರಿ, ಜೊತೆಗೆ ತೊಡೆಸಂದಿನಲ್ಲಿ ಗೆರೆ ಎಳೆದ ಹಾಗೆ ಕೆಂಪು.

ಅಳತೆ ಹೇಳ್ತೇನೆ: ಸೊಂಟ 34 ಇಂಚು, ಹಿಪ್ 40, ತೊಡೆ ಮೇಲ್ಭಾಗದಲ್ಲಿ 24. ಎತ್ತರ 5 ಅಡಿ 8 ಇಂಚು. ಗುರಿ ನಾಲ್ಕೂವರೆ ಗಂಟೆ. ಈಗ ಇರುವುದು 5 ಇಂಚಿನ ಪಾಲಿಯೆಸ್ಟರ್ ಶಾರ್ಟ್ಸ್, ಒಳಗೆ ಜಾಲರಿ ಬ್ರೀಫ್, ಸೈಜ್ ಎಲ್.

ಉದ್ದ ಎಷ್ಟಿರಬೇಕು? ಒಳಗಿನ ಜಾಲರಿ ಬೇಕಾ ಬೇಡವಾ? ಓಡುತ್ತಾ ತಿನ್ನುವ ಎನರ್ಜಿ ಜೆಲ್ ಪೊಟ್ಟಣ ಆರು, ಮತ್ತೆ ಫೋನು, ಇದೆಲ್ಲ ಎಲ್ಲಿ ಇಡುವುದು? ಒಂದು ಸೈಜು ದೊಡ್ಡದು ತಗೊಂಡರೆ ಗಾಳಿಯಾಡಿ ಸರಿ ಹೋಗ್ತದೆ ಅಂತ ಒಬ್ಬರು ಹೇಳಿದರು, ಹೌದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

ಇಂಚುಟೇಪು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ದೊಡ್ಡ ಸೈಜಿಗೆ ಹೋಗಬೇಡಿ. ಲೂಸ್ ಬಟ್ಟೆ ಒಣಗಿದ್ದಾಗ ಗಾಳಿಯಾಡುತ್ತೆ, ಒದ್ದೆಯಾದಾಗ ತೊಡೆಗಳ ನಡುವೆ ಮುದುಡಿ ಕೂರುತ್ತೆ. ಆ ಮಡಿಕೆಯೇ ಉಜ್ಜೋದು. ನಾಲ್ಕೂವರೆ ಗಂಟೆಗೆ, ನಿಮಿಷಕ್ಕೆ 170 ಹೆಜ್ಜೆ ಅಂತ ಹಿಡಿದರೆ, 45,900 ಹೆಜ್ಜೆ ಆಯ್ತು. ಪ್ರತಿ ಹೆಜ್ಜೆಗೂ ಒಂದು ತೊಡೆ ಇನ್ನೊಂದನ್ನು ಸವರಿಕೊಂಡು ಹೋಗುತ್ತೆ. ಅಷ್ಟು ಸಲ ಉಜ್ಜಿದರೆ ಒಂದೆರಡು ಮಿಲಿಮೀಟರ್ ಉಬ್ಬಿದ ಹೊಲಿಗೆಯೂ ಚರ್ಮ ಸುಲಿಯುತ್ತೆ.

ನಿಮ್ಮ ಎರಡು ಉರಿಗೂ ಕಾರಣ ಬೇರೆ ಬೇರೆ. ಒಳತೊಡೆಯದು ಚರ್ಮಕ್ಕೆ ಚರ್ಮ ತಾಗಿ ಆದದ್ದು. 5 ಇಂಚಿನ ಚಡ್ಡಿ ಓಡುತ್ತಾ ಓಡುತ್ತಾ ಮೇಲೆ ಸರಿದು, ತೊಡೆ ಕೂಡೋ ಜಾಗವನ್ನೇ ಬಿಟ್ಟುಕೊಟ್ಟಿದೆ. ತೊಡೆಸಂದಿನ ಗೆರೆ ಜಾಲರಿ ಬ್ರೀಫ್‌ನ ಅಂಚಿನ ಎಲಾಸ್ಟಿಕ್‌ನದು. ಎರಡಕ್ಕೂ ಒಂದೇ ದಾರಿ: ಒಳಗೆ ತೊಡೆಗೆ ಅಂಟಿಕೊಂಡಿರೋ, ಕಾಲಿನ ಭಾಗ ಉದ್ದ ಇರೋ ಲೈನರ್, ಅಂದರೆ ಒಳಪದರ. ಅಂಗಡಿಯಲ್ಲಿ "ಟು ಇನ್ ಒನ್" ಅಂತ ಕೇಳಿ. ಇಲ್ಲವಾದರೆ ಬರೀ ಹಾಫ್ ಟೈಟ್ಸ್, ಅಂದರೆ ತೊಡೆಗೆ ಅಂಟಿ ಕೂರೋ ಬಿಗಿ ಚಡ್ಡಿ. ಅಂಟಿಕೊಂಡ ಬಟ್ಟೆ ಚರ್ಮದ ಜೊತೆಗೇ ಚಲಿಸುತ್ತೆ, ಉಜ್ಜೋದೇನಿದ್ದರೂ ಬಟ್ಟೆಗೂ ಬಟ್ಟೆಗೂ ನಡುವೆ.

ಉದ್ದವನ್ನು ಅಂದಾಜಿನಲ್ಲಿ ತಗೋಬೇಡಿ, ಅಳೆಯಿರಿ. ಪಾದ ಜೋಡಿಸಿ ಕನ್ನಡಿ ಮುಂದೆ ನಿಂತುಕೊಳ್ಳಿ. ಮೇಲಿನಿಂದ ಎಲ್ಲಿವರೆಗೆ ತೊಡೆಗಳು ಒಂದಕ್ಕೊಂದು ತಾಗುತ್ತವೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ. ಕಾಲುಸಂದಿಯಿಂದ ಆ ಗುರುತಿಗೆ ಎಷ್ಟು ಇಂಚು ಅಂತ ಟೇಪ್ ಹಿಡಿದು, ಅದಕ್ಕೆ ಒಂದೂವರೆ ಇಂಚು ಸೇರಿಸಿ. ಅದು ನಿಮ್ಮ ಲೈನರ್‌ನ ಇನ್‌ಸೀಮ್, ಅಂದರೆ ಕಾಲುಸಂದಿಯಿಂದ ಅಂಚಿನವರೆಗಿನ ಉದ್ದ. ನಿಮ್ಮ 24 ಇಂಚಿನ ತೊಡೆಗೆ ಬಹುಶಃ 7ರಿಂದ 8 ಬರುತ್ತೆ. ಲೈನರ್‌ನ ಅಂಚು ತೊಡೆಯ ದಪ್ಪ ಜಾಗದಲ್ಲೇ ಮುಗಿದರೆ ಪಕ್ಕದ ತೊಡೆ ಅದನ್ನು ಹೆಜ್ಜೆಹೆಜ್ಜೆಗೂ ಮೇಲೆ ಸುರುಳಿ ಸುತ್ತುತ್ತೆ. ಆ ಜಾಗ ದಾಟಿ ಮುಗಿದರೆ ಸುತ್ತೋಕೆ ಏನೂ ಸಿಗಲ್ಲ. ಹೊರಗಿನ ಪದರ 5 ಇಂಚಾದರೂ ಆಗುತ್ತೆ, 7 ಆದರೂ ಆಗುತ್ತೆ, ಅದು ನೋಟದ ಪ್ರಶ್ನೆ. ಹಲವು ಟು ಇನ್ ಒನ್‌ಗಳಲ್ಲಿ ಬರೆದಿರೋದು ಹೊರಪದರದ ಉದ್ದ ಮಾತ್ರ, ಹಾಗಾಗಿ ಒಳಗಿನದನ್ನು ಟೇಪ್ ಹಿಡಿದೇ ನೋಡಿ.

ಇನ್ನು ಸುತ್ತಳತೆ. ಸೊಂಟವನ್ನು ಹೊಕ್ಕುಳ ಹತ್ತಿರ ಅಳೆದರೆ ಪ್ರಯೋಜನ ಇಲ್ಲ, ಚಡ್ಡಿ ಕೂರೋದು ಅದಕ್ಕಿಂತ ಕೆಳಗೆ, ಸೊಂಟದ ಮೂಳೆಯ ಮೇಲಂಚಿಗೆ. ಅಲ್ಲಿ ಅಳೆಯಿರಿ. ಆ ಅಳತೆ 34 ಆದರೆ, ಎಳೆಯದೆ ಹಾಸಿಟ್ಟ ಪಟ್ಟಿಯ ಸುತ್ತಳತೆ 30ರಿಂದ 31 ಇರಲಿ. ಎಳೆದಾಗ 40 ದಾಟಲೇಬೇಕು, ಇಲ್ಲದಿದ್ದರೆ ಹಿಪ್ ಮೇಲೆ ಹತ್ತಿಸುವಾಗಲೇ ಹೊಲಿಗೆ ಟಕ್ ಅನ್ನುತ್ತೆ. ಲೈನರ್‌ನ ಕಾಲಂಚು ಅದು ಕೂರೋ ಜಾಗದ ತೊಡೆಗಿಂತ ಹತ್ತರಿಂದ ಹದಿನೈದು ಶೇಕಡಾ ಕಮ್ಮಿ: ಅಲ್ಲಿ ತೊಡೆ 22 ಇದ್ದರೆ ಅಂಚು 19ರಿಂದ 20. ಅದಕ್ಕಿಂತ ಬಿಗಿಯಾದರೆ ತೊಡೆ ಮೇಲೆ ಉಂಗುರದ ಗುರುತು ಬೀಳುತ್ತೆ, ಸಡಿಲಾದರೆ ಹತ್ತುತ್ತೆ. ಹೊರಪದರಕ್ಕೆ ಉಲ್ಟಾ ಲೆಕ್ಕ, ತೊಡೆಗಿಂತ ಮೂರರಿಂದ ಐದು ಇಂಚು ಜಾಸ್ತಿ.

ಬಟ್ಟೆ ಬಗ್ಗೆ. ಹತ್ತಿ ಬೇಡ, ಎಲ್ಲರಿಗೂ ಗೊತ್ತಿರೋದೇ. ಸಾಮಾನ್ಯ ಹವೆಯಲ್ಲೇ ಹತ್ತಿಯ ನೂಲು ತನ್ನ ತೂಕದ 8 ಶೇಕಡಾದಷ್ಟು ತೇವ ಹಿಡಿದುಕೊಳ್ಳುತ್ತೆ, ನೈಲಾನ್ ಸುಮಾರು 4, ಪಾಲಿಯೆಸ್ಟರ್ ಅರ್ಧ ಶೇಕಡಾಕ್ಕಿಂತ ಕಮ್ಮಿ. ಆದರೆ "100 ಶೇಕಡಾ ಪಾಲಿಯೆಸ್ಟರ್" ಅಂತ ಓದಿ ಸಮಾಧಾನ ಪಟ್ಟುಕೊಳ್ಳಬೇಡಿ. ಇದು ನೂಲಿನ ಲೆಕ್ಕ. ನೂಲುಗಳ ಸಂದಿಯಲ್ಲಿ ನಿಲ್ಲೋ ನೀರು ಬೇರೆ, ಅದು ಬಟ್ಟೆಯ ದಪ್ಪದ ಮೇಲೆ ಹೋಗುತ್ತೆ. ಫುಟ್‌ಬಾಲ್ ಚಡ್ಡಿಯಂಥ ದಪ್ಪ ಹೆಣಿಗೆಯ ಪಾಲಿಯೆಸ್ಟರ್ ಬೆವರನ್ನು ಚೆನ್ನಾಗಿ ತುಂಬಿಕೊಳ್ಳುತ್ತೆ. ಹೊರಪದರ ತೆಳು ನೇಯ್ಗೆಯದಿರಲಿ, 70ರಿಂದ 100 ಜಿಎಸ್‌ಎಂ (ಚದರ ಮೀಟರ್ ಬಟ್ಟೆಗೆ ಇಷ್ಟು ಗ್ರಾಂ ತೂಕ). ಲೈನರ್ ಹೆಣಿಗೆಯದು, ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಸ್ಪ್ಯಾಂಡೆಕ್ಸ್ (ರಬ್ಬರಿನಂತೆ ಹಿಗ್ಗೋ ನೂಲು) 15ರಿಂದ 22 ಶೇಕಡಾ. ನನ್ನ ಮತ ನೈಲಾನ್‌ಗೆ: ಚರ್ಮಕ್ಕೆ ನಯ, ವಾಸನೆಯೂ ಪಾಲಿಯೆಸ್ಟರ್‌ನಷ್ಟು ಕಚ್ಚಿಕೊಳ್ಳಲ್ಲ. ಬೆಲೆ ಸ್ವಲ್ಪ ಜಾಸ್ತಿ, ಒಣಗೋಕೂ ಸ್ವಲ್ಪ ಹೆಚ್ಚು ಹೊತ್ತು.

ಹೊಲಿಗೆ ನೋಡದೆ ದುಡ್ಡು ಕೊಡಬೇಡಿ. ಚಡ್ಡಿಯನ್ನು ಒಳಮೈ ಹೊರಗೆ ಮಾಡಿ, ಮಣಿಕಟ್ಟಿನ ಒಳಭಾಗವನ್ನು ಹೊಲಿಗೆ ಮೇಲೆ ಎಳೆಯಿರಿ. ಬೆರಳ ತುದಿಗಿಂತ ಅಲ್ಲಿನ ಚರ್ಮ ಮೆತ್ತಗೆ, ಬೇಗ ಗೊತ್ತಾಗುತ್ತೆ. ಓವರ್‌ಲಾಕ್ ಹೊಲಿಗೆ ಒಂದು ಪಕ್ಕಕ್ಕೆ ದಿಬ್ಬದ ಹಾಗೆ ನಿಂತಿರುತ್ತೆ. ಫ್ಲ್ಯಾಟ್‌ಲಾಕ್ ಎರಡೂ ಕಡೆ ಮಲಗಿರುತ್ತೆ. ಹೊರಪದರದಲ್ಲಿ ಓವರ್‌ಲಾಕ್ ಇದ್ದರೆ ಪರವಾಗಿಲ್ಲ, ಲೈನರ್‌ನಲ್ಲಿ ಬೇಡ. ಆಮೇಲೆ ಕಾಲುಸಂದಿ ನೋಡಿ: ನಾಲ್ಕು ಹೊಲಿಗೆ ಬಂದು ಒಂದೇ ಬಿಂದುವಿಗೆ ಸೇರಿದ್ದರೆ ಅಲ್ಲಿ ಗಂಟಿನಂಥ ಉಬ್ಬು. ಒಳ್ಳೆಯದರಲ್ಲಿ ಅಲ್ಲಿ ವಜ್ರಾಕಾರದ ಒಂದು ತುಂಡು ಬಟ್ಟೆ ಕೂರಿಸಿ, ಹೊಲಿಗೆಗಳನ್ನು ಉಜ್ಜೋ ಜಾಗದಿಂದ ಆಚೆ ತಳ್ಳಿರುತ್ತಾರೆ. ಗಸೆಟ್ ಅಂತಾರೆ. ಲಾಂಗ್ ರನ್‌ಗೆ ಗಸೆಟ್ ಇಲ್ಲದ ಲೈನರ್ ತಗೊಳ್ಳೋದು ನನ್ನ ಪ್ರಕಾರ ದುಡ್ಡು ದಂಡ.

ಸೀಳುಚಡ್ಡಿ:

ಗುರು, ಇಷ್ಟೆಲ್ಲಾ ಲೆಕ್ಕ ಯಾಕೆ? 3 ಇಂಚಿನ ಸ್ಪ್ಲಿಟ್ ಶಾರ್ಟ್ಸ್ ಹಾಕಿ. ಪಕ್ಕದಲ್ಲಿ ಸೊಂಟದ ಹತ್ತಿರದವರೆಗೆ ಸೀಳು, ಮುಂದಿನ ತುಂಡು ಹಿಂದಿನದರ ಮೇಲೆ ಹಾದುಕೊಂಡಿರುತ್ತೆ, ಮಂಡಿ ಎತ್ತಿದಾಗ ಬಟ್ಟೆ ಎಳೆಯೋದೇ ಇಲ್ಲ. ಬಟ್ಟೆ ಕಡಿಮೆ ಇದ್ದಷ್ಟೂ ಒದ್ದೆಯಾಗೋದೂ ಕಡಿಮೆ. ಇಂಗ್ಲೆಂಡಿನ ರಾನ್ ಹಿಲ್ 1970ರಲ್ಲಿ ಬೋಸ್ಟನ್ ಮ್ಯಾರಥಾನ್ ಗೆದ್ದಿದ್ದು 2:10:30ಕ್ಕೆ. ಆ ಮನುಷ್ಯ ಓದಿದ್ದು ಜವಳಿ ರಸಾಯನಶಾಸ್ತ್ರ, ಆಮೇಲೆ ಓಟದ ಬಟ್ಟೆಯ ಕಂಪನಿಯನ್ನೇ ಕಟ್ಟಿದರು. ಹಗುರ, ಚಿಕ್ಕ, ಬೇಗ ಒಣಗೋ ಬಟ್ಟೆ ಅನ್ನೋದು ಆಗಿನಿಂದ ಬಂದಿರೋ ಸೂತ್ರ.

ನಾಚಿಕೆ ಒಂದೇ ಅಡ್ಡಿ. ಅದು ಎರಡು ಕಿ.ಮೀ.ಗೆ ಬೆವರಿನ ಜೊತೆ ಇಳಿದುಹೋಗುತ್ತೆ.

ಸಂಪಿಗೆ:

ಸೀಳುಚಡ್ಡಿಯವರೇ, ನಿಂತಾಗ ತೊಡೆಗಳ ನಡುವೆ ಬೆಳಕು ಕಾಣುವವರಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಪ್ರಶ್ನೆ ಕೇಳಿದವರ ತೊಡೆ 24 ಇಂಚು, ಗುರಿ ನಾಲ್ಕೂವರೆ ಗಂಟೆ. ಸ್ಪ್ಲಿಟ್ ಹಾಕಿದರೆ ಚರ್ಮಕ್ಕೆ ಚರ್ಮ ತಾಗೋದು ಇನ್ನೂ ಜಾಸ್ತಿಯಾಗುತ್ತೆ. ಅದರೊಳಗಿರೋದೂ ಅದೇ ಬ್ರೀಫ್, ಅದೇ ಅಂಚಿನ ಎಲಾಸ್ಟಿಕ್. ರೇಸ್ ಗೆಲ್ಲೋರು ಎರಡು ಗಂಟೆ ಚಿಲ್ಲರೆಗೆ ಮುಗಿಸಿ ಬಟ್ಟೆ ಬದಲಾಯಿಸಿಕೊಳ್ಳುತ್ತಾರೆ, ಅವರ ಚಡ್ಡಿ ನೋಡಿ ನಾವು ಕೊಳ್ಳೋದು ಬೇಡ. ಸ್ಪ್ಲಿಟ್ ಮೇಲೆ ಆಸೆಯೇ ಇದ್ದರೆ ಒಳಗೆ 7 ಇಂಚಿನ ಹಾಫ್ ಟೈಟ್ಸ್ ಹಾಕಿ, ಆಗ ಸ್ಪ್ಲಿಟ್‌ನ ಬ್ರೀಫ್ ಕತ್ತರಿಸಿ ತೆಗೆಯಲೇಬೇಕು. ಒಂದರ ಮೇಲೊಂದು ಎರಡು ಒಳಪದರ ಹಾಕಿದರೆ ನೀರು ಅವೆರಡರ ಮಧ್ಯೆಯೇ ಉಳಿಯುತ್ತೆ. ಬ್ರೀಫ್ ಇರೋ ಶಾರ್ಟ್ಸ್ ಕೆಳಗೆ ಮತ್ತೆ ಅಂಡರ್‌ವೇರ್ ಹಾಕೋದೂ ಇದೇ ತಪ್ಪು, ತುಂಬಾ ಜನ ಮಾಡ್ತಾರೆ.

ಟ್ರಯಲ್ ರೂಮಿನಲ್ಲಿ ನೇರ ನಿಂತು ಕನ್ನಡಿ ನೋಡಿದರೆ ಸಾಲದು. ಫೋನನ್ನು ಜೇಬಿಗೆ ಹಾಕಿ. ಒಂದೊಂದು ಮಂಡಿಯನ್ನೂ ಸೊಂಟದ ಎತ್ತರಕ್ಕೆ ಹತ್ತು ಸಲ ಎತ್ತಿ, ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ದು, ಜಾಗದಲ್ಲೇ ಅರ್ಧ ನಿಮಿಷ ಜಿಗಿಯಿರಿ. ಇಷ್ಟಾದ ಮೇಲೆ ಕೈ ಹಾಕಿ ಸರಿಮಾಡಿಕೊಳ್ಳಬೇಕು ಅನ್ನಿಸಿತೋ ಇಲ್ಲವೋ? ಅನ್ನಿಸಿದರೆ ವಾಪಸ್ ಇಡಿ. ಅಂಗಡಿಯಲ್ಲಿ ಒಂದು ಸಲ ಎಳೆದುಕೊಂಡ ಚಡ್ಡಿಯನ್ನು 30 ಕಿ.ಮೀ. ಓಟದಲ್ಲಿ ನೂರು ಸಲ ಎಳೆದುಕೊಳ್ಳಬೇಕಾಗುತ್ತೆ.

ಮನೆಗೆ ತಂದ ಮೇಲೆ ಒದ್ದೆ ಪರೀಕ್ಷೆ. ಅಡುಗೆಮನೆಯ ತಕ್ಕಡಿಯಲ್ಲಿ ಒಣಗಿದ್ದಾಗಿನ ತೂಕ ನೋಡಿಕೊಳ್ಳಿ. ನೀರಲ್ಲಿ ಅದ್ದಿ, ಹಿಂಡದೆ ಐದು ನಿಮಿಷ ತೂಗುಹಾಕಿ, ಮತ್ತೆ ತೂಗಿ. 130 ಗ್ರಾಂನದು 200–220 ಆದರೆ ಒಳ್ಳೆಯದು. 300 ದಾಟಿದರೆ ಅದು ಜಿಮ್ಮಿಗಿರಲಿ. ಆಮೇಲೆ ಅದನ್ನೇ ಒದ್ದೆಯಾಗಿಯೇ ಹಾಕಿಕೊಂಡು ಮೂರು ನಾಲ್ಕು ಕಿ.ಮೀ. ಓಡಿ. ಕರಾವಳಿಯಲ್ಲಿ ಒಂದು ಗಂಟೆ ಆದ ಮೇಲೆ ಏನಾಗುತ್ತೆ ಅನ್ನೋದು ಮೊದಲ ಹತ್ತು ನಿಮಿಷಕ್ಕೇ ತಿಳಿಯುತ್ತೆ.

ಜೆಲ್ ಮತ್ತು ಫೋನ್: ಜೆಲ್ ಒಂದಕ್ಕೆ ಕವರ್ ಸೇರಿ 40 ಗ್ರಾಂ ಅಂದರೂ ಆರಕ್ಕೆ 240, ಫೋನ್ 200. ಹತ್ತಿರಹತ್ತಿರ ಅರ್ಧ ಕಿಲೋ. ಒಂದಿಂಚಿನ ಎಲಾಸ್ಟಿಕ್ ಪಟ್ಟಿ ಇದನ್ನು ಹೊರಲ್ಲ, ಚಡ್ಡಿ ಜಾರುತ್ತೆ, ನೀವು ಲಾಡಿ ಬಿಗಿ ಮಾಡ್ತೀರಿ, ಹೊಟ್ಟೆ ಹಿಡಿದುಕೊಳ್ಳುತ್ತೆ. ಎರಡು ಇಂಚಿಗೆ ಕಡಿಮೆ ಇಲ್ಲದ ಅಗಲ ಪಟ್ಟಿ, ಅದರ ಸುತ್ತಲೂ ಹೆಣಿಗೆ ಬಟ್ಟೆಯ ಜೇಬುಗಳು ಇರೋದು ನೋಡಿ. ತೂಕವನ್ನು ಬೆನ್ನಿನ ಕಡೆಗೆ, ನಡುವಿನ ಹತ್ತಿರ ಇಟ್ಟಷ್ಟೂ ಕುಣಿತ ಕಡಿಮೆ. ಹೊರಪದರದ ಪಕ್ಕದ ಲೂಸ್ ಜೇಬಿಗೆ ಫೋನ್ ಹಾಕಿದರೆ ಗಡಿಯಾರದ ಲೋಲಕದಂತೆ ಆಡ್ತಾ ತೊಡೆಗೆ ಹೊಡೆಯುತ್ತಿರುತ್ತೆ. ಲೈನರ್‌ನ ಪಕ್ಕಕ್ಕೆ, ತೊಡೆ ಮೇಲೆ, ಜೇಬಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಫೋನಿಗೆ ಇಲ್ಲ. ಫೋನನ್ನು ಮೊದಲು ಜಿಪ್ ಲಾಕ್ ಕವರಿಗೆ ಹಾಕಿ. ಬೆವರಿಗೂ ಬೇಕು, ನೀರಿನ ಸ್ಟಾಲಿನಲ್ಲಿ ತಲೆ ಮೇಲೆ ಸುರಿದುಕೊಂಡಾಗಲೂ ಬೇಕು.

ಇದೇ ಎಳೆಯನ್ನು ಓದೋ ಹೆಣ್ಣುಮಕ್ಕಳಿಗೆ: ಸೊಂಟಕ್ಕೂ ಹಿಪ್‌ಗೂ ಹತ್ತು ಇಂಚಿನ ಮೇಲೆ ವ್ಯತ್ಯಾಸ ಇದ್ದರೆ ನೇರ ಪಟ್ಟಿಯ ಚಡ್ಡಿ ಹಿಂದೆ ಬಾಯಿ ಬಿಡುತ್ತೆ, ಮುಂದೆ ಸುರುಳಿ ಸುತ್ತುತ್ತೆ. ಮೇಲಂಚು ಚಿಕ್ಕದು, ಕೆಳಂಚು ದೊಡ್ಡದು ಇರೋ ಹಾಗೆ ಕತ್ತರಿಸಿದ, ಹೊಕ್ಕುಳವರೆಗೆ ಬರೋ ಪಟ್ಟಿ ಹುಡುಕಿ. ಪೀರಿಯಡ್ಸ್ ದಿನಗಳಲ್ಲಿ ಉದ್ದ ಓಡಬೇಕಾದರೆ ಪ್ಯಾಡಿನ ರೆಕ್ಕೆಯ ಅಂಚೇ ತೊಡೆಸಂದಿಗೆ ಶತ್ರು. ಮುಟ್ಟಿನ ಕಪ್ ರೂಢಿ ಇರೋರಿಗೆ ಈ ತೊಂದರೆ ಇಲ್ಲ. ಪ್ಯಾಡೇ ಹಾಕೋದಾದರೆ ಲೈನರ್ ಒಳಗೆ ತೆಳು ಪ್ಯಾಂಟಿ ಹಾಕಲೇಬೇಕಾಗುತ್ತೆ, ಉಜ್ಜದಿರಲಿ ಅಂತ ಹಚ್ಚೋ ಪೆಟ್ರೋಲಿಯಂ ಜೆಲ್ಲಿಯನ್ನು ಚರ್ಮಕ್ಕೆ ಮಾತ್ರ ಹಚ್ಚಿ, ಬಟ್ಟೆಗೆ ತಾಗಿದರೆ ಪ್ಯಾಡಿನ ಅಂಟು ಬಿಡುತ್ತೆ. ಚಿಕ್ಕ ಊರಿನಲ್ಲಿ ಶಾರ್ಟ್ಸ್ ಹಾಕಿ ಓಡೋಕೆ ಮುಜುಗರ ಅನ್ನೋರು ಕಾಪ್ರಿ ತಗೊಳ್ಳಬಹುದು. ಅಂಚು ಮಂಡಿಗಿಂತ ಎರಡು ಇಂಚು ಮೇಲಿರಲಿ ಅಥವಾ ಎರಡು ಇಂಚು ಕೆಳಗಿರಲಿ. ಸರಿಯಾಗಿ ಮಂಡಿಯ ಹಿಂದಿನ ಮಡಿಕೆಗೆ ಬಂದರೆ ಅಲ್ಲೂ ಕೆಂಪಾಗುತ್ತೆ.

ಬಿಸಿಲೂರು:

ಎಲ್ಲಾ ಬರೋಬ್ಬರಿ ಹೇಳೀರಿ. ಆದ್ರ ಕರಾವಳಿ ಲೆಕ್ಕ ಬ್ಯಾರೆ, ನಮ್ಮ ವಿಜಯಪುರ–ಕಲಬುರ್ಗಿ ಲೆಕ್ಕ ಬ್ಯಾರೆ. ಅಲ್ಲಿ ಬೆವರು ಆರೂದಿಲ್ಲ, ಚರ್ಮ ನೆನದು ಮೆತ್ತಗಾಗಿ ಸುಲಿತೈತಿ. ನಮ್ಮ ಕಡೆ ಒಣ ಹವಾ, ಬೆವರು ಹುಟ್ಟಿದಲ್ಲೇ ಆರತೈತಿ, ಉಪ್ಪು ಅಷ್ಟ ಉಳಿತೈತಿ. ಕರೀ ಚಡ್ಡಿ ಮ್ಯಾಲೆ ಬಿಳೀ ಪಟ್ಟಿ ಬೀಳೂದು ನೋಡೀರಲ್ಲ, ಅದ. ಆ ಉಪ್ಪಿನ ಹರಳು ಮರಳುಕಾಗದ ಇದ್ದಂಗ. ಹಿಂಗಾಗಿ ಇಲ್ಲಿ ಓಡವ್ರು ನೀರಿನ ಸ್ಟಾಲ್ ಬಂದಾಗ ಒಂದು ಕಪ್ ನೀರು ತೊಡಿ ಮ್ಯಾಲೆ ಹಾಕ್ಕೊಂಡು ಉಪ್ಪು ತೊಳಕೊಂಡ್ರ ಛಲೋ. ಕರಾವಳಿ ಮಂದಿ ಉಲ್ಟಾ ಮಾಡ್ರಿ: ನೀರು ತಲಿ, ಕುತ್ತಿಗಿಗೆ ಹಾಕ್ಕೊಳ್ರಿ, ಮುಂದಕ್ಕ ಬಾಗಿ ಹಾಕ್ಕೊಳ್ರಿ. ನೆಟ್ಟಗ ನಿಂತು ಸುರಕೊಂಡ್ರ ಎಲ್ಲಾ ನೀರು ಚಡ್ಡಿಗೆ, ಅಲ್ಲಿಂದ ಬೂಟಿಗೆ.

ಇನ್ನೊಂದು. ಬಿಸಲಿಗಂತ ತಿಳಿ ಬಣ್ಣ ತಗೋಳವ್ರು ನೀರಾಗ ಅದ್ದಿ ಬೆಳಕಿಗೆ ಹಿಡದು ನೋಡ್ರಿ. ಒದ್ದಿ ಆದಾಗನೂ ಬಟ್ಟಿ ಪಾರದರ್ಶಕ ಆಗಬಾರದು ಅಂತ ವರ್ಲ್ಡ್ ಅಥ್ಲೆಟಿಕ್ಸ್ ನಿಯಮಾನ ಐತಿ. ನಿಯಮ ಬಿಡ್ರಿ, ಫೋಟೋ ತಗಿಯವ್ರು ಫಿನಿಶ್ ಲೈನಿನ್ಯಾಗ ನಿಂತಿರ್ತಾರ.

ಔಷಧಿ_ಅಂಗಡಿ:

ಹಚ್ಚೋದರ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಶಾರ್ಟ್ಸ್ ಎಷ್ಟು ಚೆನ್ನಾಗಿದ್ದರೂ 20 ಕಿ.ಮೀ. ಮೇಲೆ ಜೆಲ್ಲಿ ಬೇಕು.

ಪೆಟ್ರೋಲಿಯಂ ಜೆಲ್ಲಿ ಸಾಕು. ಒಣ ಚರ್ಮಕ್ಕೆ, ಬೆವರು ಬರೋ ಮೊದಲು ಹಚ್ಚಬೇಕು. ಒದ್ದೆ ಚರ್ಮದ ಮೇಲೆ ಅದು ನಿಲ್ಲಲ್ಲ. ಒಂದು ಚಮಚದಷ್ಟು ತಗೊಂಡರೆ ಎರಡೂ ತೊಡೆಸಂದು, ಒಳತೊಡೆ, ಸೊಂಟದ ಹಿಂಭಾಗದ ಪಟ್ಟಿ ಕೂರೋ ಜಾಗ, ಲಾಡಿಯ ಗಂಟು ತಾಗೋ ಜಾಗ, ಎಲ್ಲಕ್ಕೂ ಆಗುತ್ತೆ. ಗಂಟಿನ ಜಾಗ ಮರೆಯೋರು ಜಾಸ್ತಿ, ಸ್ನಾನಕ್ಕೆ ನೀರು ಹಾಕಿಕೊಂಡಾಗ ನೆನಪಾಗುತ್ತೆ. ತೆಂಗಿನೆಣ್ಣೆ ಹಚ್ಚೋ ರೂಢಿ ಇದೆ. 5 ಕಿ.ಮೀ.ಗೆ ಆಗಬಹುದು, ಆದರೆ ಅದು 25 ಡಿಗ್ರಿ ಸುತ್ತಮುತ್ತ ಕರಗೋ ಎಣ್ಣೆ, ಮೈ ಬಿಸಿಗೆ ನೀರಾಗಿ ಬಟ್ಟೆಗೆ ಹೋಗಿಬಿಡುತ್ತೆ. ಪೌಡರ್ ಬೇಡವೇ ಬೇಡ: ಬೆವರಿನಲ್ಲಿ ಕಲಸಿ ಮುದ್ದೆಯಾಗಿ, ಮಡಿಕೆಯಲ್ಲಿ ಉಂಡೆ ಕಟ್ಟಿ ಅದೇ ಉಜ್ಜುತ್ತೆ. ರೇಸಿನ ಹಿಂದಿನ ದಿನ ಅಲ್ಲಿ ಶೇವ್ ಮಾಡೋದೂ ಬೇಡ, ಮೊಳೆಯೋ ಕೂದಲು ಚುಚ್ಚುತ್ತೆ. ಕತ್ತರಿಸಲೇಬೇಕಿದ್ದರೆ ಮೂರ್ನಾಲ್ಕು ದಿನ ಮೊದಲು ಟ್ರಿಮ್ ಮಾಡಿಕೊಳ್ಳಿ.

ಸುಲಿದ ಮೇಲೆ: ಬರೀ ಉಗುರುಬೆಚ್ಚಗಿನ ನೀರು, ಮೃದು ಸೋಪು. ಆಂಟಿಸೆಪ್ಟಿಕ್ ದ್ರಾವಣವನ್ನು ನೀರು ಬೆರೆಸದೆ ಸುರಿಯಬೇಡಿ, ಸುಲಿದ ಚರ್ಮ ಇನ್ನೂ ಸುಡುತ್ತೆ. ಒತ್ತಿ ಒಣಗಿಸಿ, ಒರೆಸಬೇಡಿ. ಮಕ್ಕಳ ಡೈಪರ್ ರ‍್ಯಾಷ್‌ಗೆ ಕೊಡೋ ಜಿಂಕ್ ಆಕ್ಸೈಡ್ ಕ್ರೀಮ್ ತೆಳುವಾಗಿ ಹಚ್ಚಿ, ಸಡಿಲ ಲುಂಗಿ ಉಟ್ಟುಕೊಂಡು ಗಾಳಿಗೆ ಬಿಡಿ. ಎರಡು ಮೂರು ದಿನಕ್ಕೆ ಆರುತ್ತೆ.

ಆರದೆ, ಅಂಚು ಉಬ್ಬಿದ ಉಂಗುರದ ಹಾಗೆ ಹರಡುತ್ತಾ, ಉರಿಗಿಂತ ತುರಿಕೆ ಹೆಚ್ಚಾದರೆ ಅದು ಉಜ್ಜಿದ ಗಾಯ ಅಲ್ಲ, ಗಜಕರ್ಣ, ಅಂದರೆ ಫಂಗಸ್. ಆಗ ಮೆಡಿಕಲ್ ಸ್ಟೋರಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನಬೇಡಿ. ಸ್ಟಿರಾಯ್ಡ್ ಬೆರೆತ ಮಿಶ್ರಣದ ಕ್ರೀಮುಗಳು ನಮ್ಮಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ. ಎರಡು ದಿನ ತುರಿಕೆ ಅಡಗಿಸಿ, ಒಳಗೊಳಗೇ ಫಂಗಸ್ ಹರಡೋಕೆ ಬಿಡುತ್ತವೆ. ಚರ್ಮದ ಡಾಕ್ಟರಿಗೆ ತೋರಿಸಿ. ಗುಣವಾಗೋವರೆಗೆ ಆ ಚಡ್ಡಿ, ಟವೆಲ್ ಬೇರೆಯವರ ಬಟ್ಟೆ ಜೊತೆ ಹಾಕಬೇಡಿ.

ಕಡಲತಡಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಪೆನ್ನಿನ ಗುರುತಿನ ಲೆಕ್ಕ ಮಾಡಿದೆ, ಆರು ಇಂಚು ಬಂತು, ಹಾಗಾದರೆ ಲೈನರ್ ಏಳೂವರೆ. ಇನ್ನೆರಡು ಸಂಶಯ ಉಂಟು. ಬೆಂಗಳೂರಿಗೆ ಬರುವುದಿದೆ, ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಲ್ಲಿ ತಗೊಳ್ಳಬಹುದಾ? ಮತ್ತೆ ನನ್ನ ಹಳೆಯ 5 ಇಂಚಿನ ಚಡ್ಡಿಯ ಜಾಲರಿ ತೆಗೆದು ಒಳಗೆ ಹಾಫ್ ಟೈಟ್ಸ್ ಹಾಕಿದರೆ ದುಡ್ಡು ಉಳೀತದಾ?

ಇಂಚುಟೇಪು:

ತಗೊಳ್ಳಬಹುದು, ಕಣ್ಣು ತೆರೆದುಕೊಂಡು. ಸರ್‌ಪ್ಲಸ್‌ಗೆ ಮಾಲು ಬರೋದು ಎರಡು ರೀತಿ: ಆರ್ಡರ್‌ಗಿಂತ ಹೆಚ್ಚು ಹೊಲಿದದ್ದು, ಮತ್ತು ಕ್ವಾಲಿಟಿ ಚೆಕ್ಕಿಂಗ್‌ನಲ್ಲಿ ಬಿದ್ದದ್ದು. ಮೊದಲನೆಯದು ಚಿನ್ನ. ಎರಡನೆಯದರಲ್ಲಿ ದೋಷ ಎಲ್ಲಿದೆ ಅಂತ ಹುಡುಕಬೇಕು.

ಎಲಾಸ್ಟಿಕ್ ಪಟ್ಟಿಯನ್ನು ಒಂದೂವರೆ ಪಟ್ಟು ಎಳೆದು ಹತ್ತು ಸೆಕೆಂಡ್ ಹಿಡಿದು ಬಿಡಿ. ತಕ್ಷಣ ಮೊದಲಿನ ಅಳತೆಗೆ ಬರಬೇಕು, ಅಲೆಅಲೆಯಾಗಿ ನಿಂತರೆ ಒಳಗಿನ ರಬ್ಬರ್ ಸತ್ತಿದೆ. ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದ ಮಾಲಿನಲ್ಲಿ ಇದು ಮಾಮೂಲು. ಲೈನರನ್ನು ಅಡ್ಡಕ್ಕೆ ಎಳೆದು ಹೊಲಿಗೆ ನೋಡಿ. ಹೊಲಿಗೆ ಬಟ್ಟೆಯಷ್ಟೇ ಹಿಗ್ಗಬೇಕು; ನೂಲು ಬಿಗಿಯಾಗಿ ಬಟ್ಟೆ ನೆರಿಗೆ ಕಟ್ಟಿದರೆ ಮೊದಲ ಲಾಂಗ್ ರನ್‌ನಲ್ಲೇ ಟಪ್ ಅಂತ ಬಿಚ್ಚುತ್ತೆ. ಚಡ್ಡಿಯನ್ನು ಮಧ್ಯಕ್ಕೆ ಮಡಚಿ ಎರಡೂ ಕಾಲು ಒಂದರ ಮೇಲೊಂದು ಇಡಿ. ಅರ್ಧ ಇಂಚು ಹೆಚ್ಚುಕಮ್ಮಿ ಇದ್ದರೆ ರಿಜೆಕ್ಟ್ ಆಗಿದ್ದು ಅದಕ್ಕೇ. ಅಂಟಿಸಿದ ಅಂಚು ಇದ್ದರೆ ಉಗುರಿನಿಂದ ಮೂಲೆ ಕೆದಕಿ, ಏಳುತ್ತಿದ್ದರೆ ಬಿಡಿ. ಸೈಜ್ ಲೇಬಲ್ಲಿನ "ಎಂ", "ಎಲ್" ನಂಬಬೇಡಿ: ಅಮೆರಿಕಕ್ಕೆ ಹೋಗಬೇಕಿದ್ದ ಎಂ ಹಲವು ಸಲ ಇಲ್ಲಿನ ಎಲ್‌ಗೆ ಸಮ. ಟೇಪ್ ಜೇಬಿನಲ್ಲಿರಲಿ. ಬ್ರ್ಯಾಂಡ್ ಗೊತ್ತಾಗದಿರಲಿ ಅಂತ ಲೇಬಲ್ಲನ್ನು ಕತ್ತರಿಸಿರುತ್ತಾರೆ, ಉಳಿದ ಎರಡು ಮಿಲಿಮೀಟರ್ ಮೋಟು ಇಡೀ ಲೇಬಲ್‌ಗಿಂತ ಹೆಚ್ಚು ಚುಚ್ಚುತ್ತೆ. ಹೊಲಿಗೆ ಬಿಚ್ಚಿ ಬುಡಸಮೇತ ತೆಗೆಯಿರಿ.

ಜಾಲರಿ ತೆಗೆಯೋ ಯೋಚನೆ ಚೆನ್ನಾಗಿದೆ, ಹೊರಪದರ ಗಟ್ಟಿಯಾಗಿದ್ದರೆ ಖಂಡಿತ ಉಳಿತಾಯ. ಆದರೆ ಅದರ ಹೊಲಿಗೆ ಬಿಚ್ಚಬೇಡಿ. ಅದೇ ಹೊಲಿಗೆ ಸೊಂಟದ ಪಟ್ಟಿಯನ್ನೂ ಹಿಡಿದಿರುತ್ತೆ, ಬಿಚ್ಚಿದರೆ ಎಲಾಸ್ಟಿಕ್ ಕೈಗೆ ಬರುತ್ತೆ. ಚಡ್ಡಿ ತಿರುವಿ, ಪಟ್ಟಿಯ ಕೆಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಚಿಕ್ಕ ಕತ್ತರಿಯಿಂದ ಸುತ್ತಲೂ ಜಾಲರಿಯನ್ನು ಮಾತ್ರ ಕತ್ತರಿಸಿ. ಕತ್ತರಿಸೋ ಮೊದಲು ಒಳಜೇಬು ಯಾವುದಕ್ಕೆ ಹೊಲಿದಿದೆ ನೋಡಿ. ಕೀ ಇಡೋ ಚಿಕ್ಕ ಜೇಬು ಕೆಲವು ಸಲ ಜಾಲರಿಗೇ ನೇತಾಡುತ್ತಿರುತ್ತೆ. ಕಾಲುಸಂದಿಯಲ್ಲಿ ಜಾಲರಿ ಹೊರಪದರಕ್ಕೆ ಸೇರಿದ್ದರೆ ಅಲ್ಲಿ ಟೈಲರ್ ಕೈಲಿ ಬಿಡಿಸಿ, ಅಷ್ಟಕ್ಕೆ ಅವರು ದೊಡ್ಡ ದುಡ್ಡೇನೂ ಕೇಳಲ್ಲ.

ಹಾಫ್ ಟೈಟ್ಸ್‌ನ ಪಟ್ಟಿ ಮತ್ತು ಚಡ್ಡಿಯ ಪಟ್ಟಿ ಒಂದರ ಮೇಲೊಂದು ಬರದ ಹಾಗೆ ಒಂದನ್ನು ಸ್ವಲ್ಪ ಮೇಲೆ ಕೂರಿಸಿ. ಎರಡೂ ಲಾಡಿ ಕಟ್ಟಬೇಡಿ. ಟೈಟ್ಸ್‌ನದು ಕಟ್ಟಿ, ಚಡ್ಡಿಯದನ್ನು ಎಳೆದು ತೆಗೆದುಬಿಡಿ.

ಸಂಪಿಗೆ:

ತೊಳೆಯೋದು ಒಂದು ಬಾಕಿ. ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಡೋದನ್ನೇ ನಿಲ್ಲಿಸುತ್ತೆ. ಬ್ಲೀಚ್ ಮತ್ತು ಬಿಸಿನೀರು ಸ್ಪ್ಯಾಂಡೆಕ್ಸನ್ನು ಕೊಲ್ಲುತ್ತವೆ. 30 ಡಿಗ್ರಿ ಅಥವಾ ತಣ್ಣೀರು, ಒಳಮೈ ಹೊರಗೆ ಮಾಡಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಬೇಡ. ಜೆಲ್ಲಿ ಅಂಟಿದ ಜಾಗಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಮೊದಲೇ ಹಚ್ಚಿ ಉಜ್ಜಿ, ಸಾಮಾನ್ಯ ಸೋಪಿಗೆ ಅದು ಹೋಗಲ್ಲ. ವಾಸನೆ ಕೂತಿದ್ದರೆ ನಾಲ್ಕು ಲೀಟರ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್, ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲಾಗಿ ತೊಳೆಯಿರಿ. ನಿಮ್ಮ ಕಡೆಯ ಮಳೆಗಾಲಕ್ಕೆ ಮೂರು ಜೊತೆ ಬೇಕಾಗುತ್ತೆ. ಪೂರ್ತಿ ಒಣಗದ ಲೈನರ್ ಹಾಕೋದೂ ಗಜಕರ್ಣವನ್ನು ಮನೆಗೆ ಕರೆಯೋದೂ ಒಂದೇ. ಫ್ಯಾನ್ ಕೆಳಗೆ ಹ್ಯಾಂಗರಿಗೆ ಹಾಕಿ, ಓಡಿ ಬಂದ ಬ್ಯಾಗಿನಲ್ಲೇ ಬಿಟ್ಟು ಮಲಗಬೇಡಿ.

ಮುಂಬೈಗೆ ಹಾಕೋ ಜೋಡಿಯನ್ನು ಡಿಸೆಂಬರ್ ಮೊದಲ ವಾರದೊಳಗೆ ತೀರ್ಮಾನ ಮಾಡಿ. ಆ ಚಡ್ಡಿ, ಅದೇ ಜೆಲ್ಲಿ, ಆರೂ ಜೆಲ್, ಫೋನ್ ಸಮೇತ ಕನಿಷ್ಠ ಎರಡು ಲಾಂಗ್ ರನ್ ಆಗಲಿ, ಅದರಲ್ಲಿ ಒಂದು 28–30 ಕಿ.ಮೀ. ಇರಲಿ.

ಕಡಲತಡಿ:

ಆಯ್ತು ಮೇಡಂ. ಜಾಲರಿ ಕತ್ತರಿಸಿ ಆಯ್ತು, ಕೀ ಜೇಬು ಅದಕ್ಕೇ ನೇತಾಡ್ತಾ ಇತ್ತು! ಅದನ್ನು ಬಿಡಿಸಿ ಪಟ್ಟಿಗೆ ಹೊಲಿಸಲಿಕ್ಕೆ ಟೈಲರಿಗೆ ಕೊಟ್ಟಿದ್ದೇನೆ.

ಇಂಚುಟೇಪು:

ಪಟ್ಟಿಯ ಎಲಾಸ್ಟಿಕ್ ಮೇಲೆ ಸಾದಾ ಹೊಲಿಗೆ ಹಾಕಬೇಡಿ ಅಂತ ಟೈಲರಿಗೆ ಹೇಳಿ, ಎಳೆದಾಗ ನೂಲು ಕಿತ್ತುಬರುತ್ತೆ. ಜಿಗ್‌ಜ್ಯಾಗ್ ಹಾಕಲಿ, ಜೇಬು ಬೆನ್ನಿನ ನಡುಭಾಗದಿಂದ ಎರಡು ಇಂಚು ಬಲಕ್ಕೆ ಬರಲಿ. ಸರಿಯಾಗಿ ಬೆನ್ನುಮೂಳೆ ಮೇಲೆ ಕೀ ಕೂತರೆ ಅಲ್ಲಿ ಬೇರೆ ಗಾಯ ಆಗುತ್ತೆ.